ಒಂದು ಡಾಲರಿನ ಸೇತುವೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಪಟ್ಟಣದ ಬಳಿ ಹಡ್ಸನ್ ನದಿಯನ್ನು ದಾಟುವ ಉಕ್ಕಿನ ರೈಲು ಸೇತುವೆಯನ್ನು 1984ರಲ್ಲಿ ರೈಲ್ವೆ ಕಂಪನಿಯು ಒಂದು ಡಾಲರಿಗೆ ಮಾರಿ ಕೈತೊಳೆದುಕೊಂಡಿತು. ನೀರಿನಿಂದ 212 ಅಡಿ ಎತ್ತರ, 6,768 ಅಡಿ ಉದ್ದ. 1889ರಿಂದ ಎಂಬತ್ತೈದು ವರ್ಷ ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳನ್ನು ದಾಟಿಸಿದ ಸೇತುವೆಗೆ ಕಟ್ಟಿದ ಬೆಲೆ ಇದು!

1974ರ ಮೇ ತಿಂಗಳಲ್ಲಿ ಸೇತುವೆಯ ಮೇಲಿನ ಮರದ ಸ್ಲೀಪರುಗಳಿಗೆ ಬೆಂಕಿ ಬಿತ್ತು. ಉಕ್ಕಿನ ಟ್ರಸ್ಸುಗಳು ನಿಂತೇ ಇದ್ದವು. ಅಂದಿನ ಒಡೆಯ ಕಂಪನಿ ಮೊದಲೇ ದಿವಾಳಿ, ದುರಸ್ತಿಗೆ ಮನಸ್ಸಾಗಲಿಲ್ಲ. ಸರಕನ್ನು ಉತ್ತರಕ್ಕೆ, ಆಲ್ಬನಿಯವರೆಗೆ ಸುತ್ತಿಸಿ ಸಾಗಿಸಿದರಾಯಿತು ಎಂಬ ತೀರ್ಮಾನಕ್ಕೆ ಯಾರೂ ಜನರನ್ನು ಕೇಳಲಿಲ್ಲ.

ಹಳೆಯ ಕಬ್ಬಿಣವೆಂದರೆ ಗುಜರಿ ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಆ ಉಕ್ಕಿಗಾಗಿ ಗಣಿ ಅಗೆದದ್ದೂ ಆಗಿದೆ, ಕಲ್ಲಿದ್ದಲು ಸುಟ್ಟದ್ದೂ ಆಗಿದೆ. ಅದನ್ನು ಕೆಡವಿದರೆ ಭೂಮಿ ತೆತ್ತ ಬೆಲೆ ಮರಳಿ ಬಾರದು. ಎಂಜಿನ್ನುಗಳ ಭಾರ ಹೊರಲು ಕಟ್ಟಿದ ಸೇತುವೆಗೆ ನಡೆಯುವವರ ಕಾಲು ಎಷ್ಟರ ಭಾರ? ಸ್ಥಳೀಯ ನಾಗರಿಕರು 1992ರಲ್ಲಿ ಸಂಘಟಿತರಾಗಿ, 1998ರಲ್ಲಿ ಒಡೆತನವನ್ನೇ ಪಡೆದರು. ಹೆನ್ರಿ ಹಡ್ಸನ್ ಆ ನದಿಯಲ್ಲಿ ಪಯಣಿಸಿ ನಾನ್ನೂರು ವರ್ಷ ತುಂಬಿದ 2009ರ ಅಕ್ಟೋಬರ್ 3ರಂದು, ಕಾಂಕ್ರೀಟ್ ಹಾಸು ಹೊದ್ದ ಸೇತುವೆ ಪಾದಚಾರಿಗಳಿಗೆ ತೆರೆಯಿತು. ಹದಿನೇಳು ವರ್ಷದ ಈ ಹಟಕ್ಕೆ ತಲೆಬಾಗಲೇಬೇಕು.

ಆದರೆ ಇದನ್ನು ಪರಿಸರದ ಪೂರ್ಣ ವಿಜಯವೆಂದು ಕೊಂಡಾಡುವುದು ಸಲ್ಲದು. ಸಂಜೆಯ ವಾಯುವಿಹಾರ ಒಳ್ಳೆಯದೇ. ಅದು ಒಂದು ಲಾರಿಯನ್ನೂ ರಸ್ತೆಯಿಂದ ಇಳಿಸದು. ಅಮೆರಿಕದಲ್ಲೇ 1983ರ ಕಾನೂನು ತಿದ್ದುಪಡಿಯೊಂದಿದೆ: ಬಿಟ್ಟ ಹಳಿದಾರಿಯನ್ನು ಕಾಲುದಾರಿಯಾಗಿ ಬಳಸುತ್ತ, ಮುಂದೆ ರೈಲು ಮರಳುವ ಹಕ್ಕನ್ನು ಕಾಯ್ದಿಡಬಹುದು. ಅಲ್ಲಿಯ ಸುಪ್ರೀಂ ಕೋರ್ಟು 1990ರಲ್ಲಿ ಅದನ್ನು ಎತ್ತಿಹಿಡಿಯಿತು. ಕಾಲುದಾರಿ ರೈಲಿನ ಸಮಾಧಿಯಾಗಬೇಕಿಲ್ಲ, ಅದರ ಕಾವಲಾಗಬಹುದು ಎಂಬ ವಿವೇಕ ಅದರಲ್ಲಿದೆ. ಮಾರ್ಗಗಳನ್ನು ತುಂಡು ತುಂಡಾಗಿ ಮಾರಿ, ಉಳಿದ ತುಣುಕಿಗೆ ಉದ್ಯಾನವೆಂದು ಹೆಸರಿಡುವ ಸರ್ಕಾರಗಳಿಗೆ ಈ ವಿವೇಕ ರುಚಿಸುವುದಿಲ್ಲ. ರಿಬ್ಬನ್ ಕತ್ತರಿಸುವುದು ಸುಲಭ. ಹಳಿ ಕಾಯುವುದು ದುಬಾರಿ.

ಇಂದಿಗೂ ಹಡ್ಸನ್‌ನ ಎರಡೂ ದಡಗಳಲ್ಲಿ ರೈಲುಗಳು ಆ ಸೇತುವೆಯ ಅಡಿಯಲ್ಲೇ ಹಾದುಹೋಗುತ್ತವೆ. ನದಿ ದಾಟಬೇಕಾದ ಗೂಡ್ಸ್ ಗಾಡಿ ಮಾತ್ರ ಆಲ್ಬನಿಯ ಸಮೀಪಕ್ಕೆ ಹೋಗಿಯೇ ದಾಟಬೇಕು.