ಕುಟುಂಬ ಯೋಜನೆ: ಲೆಕ್ಕಕ್ಕೆ ಸಿಗದ ಖರ್ಚು

ಕುಟುಂಬ ಯೋಜನೆಗೆ ಸರ್ಕಾರ ಹಾಕುವ ಹಣ ಸಾರ್ಥಕವೇ? ಬಡ ಮತ್ತು ಮಧ್ಯಮ ಆದಾಯದ ದೇಶಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಗರ್ಭನಿರೋಧಕ ಸೇವೆಯನ್ನು ವಿಸ್ತರಿಸಲು ಹಾಕುವ ಪ್ರತಿ ಡಾಲರು ಗರ್ಭಿಣಿ, ಬಾಣಂತಿ, ಶಿಶುಗಳ ಆರೈಕೆಯಲ್ಲಿ ಸುಮಾರು ಮೂರು ಡಾಲರ್ ಉಳಿಸುತ್ತದೆಂದು ಅಮೆರಿಕದ ಗಟ್‌ಮಾಕರ್ ಸಂಸ್ಥೆ 2019ರ ಸ್ಥಿತಿಯನ್ನು ಆಧರಿಸಿ ಅಂದಾಜಿಸಿತು. ನಮ್ಮ ಮೈಸೂರು ಸಂಸ್ಥಾನವಂತೂ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರಗಳಿಗೆ ಆದೇಶ ಹೊರಡಿಸಿತ್ತು. ಆದರೆ ಈ ಉಳಿತಾಯಕ್ಕೆ ಬೆಲೆ ತೆರುವವರು ಯಾರು ಎಂಬುದನ್ನು ನಾವು ಕೇಳುವುದೇ ಇಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ನೆಚ್ಚಿದ್ದಾರೆ. ಗಂಡಸರ ಆಪರೇಷನ್ನಿನ ಪಾಲು ಶೇ. 0.0. ಗಂಡಸರದ್ದು ಹೊಟ್ಟೆ ಕೊಯ್ಯದ, ಹೊಲಿಗೆಯೂ ಬೇಡದ, ಅರ್ಧ ಗಂಟೆಯೊಳಗೆ ಮುಗಿಯುವ ಚಿಕಿತ್ಸೆ. ನಿಜಕ್ಕೂ ಮಿತವ್ಯಯವೇ ಮಾನದಂಡವಾಗಿದ್ದರೆ ಈ ಅಂಕಿ ಹೀಗಿರುತ್ತಿರಲಿಲ್ಲ. ಹೆಂಗಸಿನ ನೋವು, ಮನೆಕೆಲಸದ ಹೊರೆ ಯಾವ ಕಡತದಲ್ಲೂ ದಾಖಲಾಗುವುದಿಲ್ಲ; ಆದ್ದರಿಂದಲೇ ಅವಳ ಆಪರೇಷನ್ ಅಗ್ಗವಾಗಿ ಕಾಣುತ್ತದೆ.

ಅಗ್ಗವೊಂದನ್ನೇ ನೋಡಿದರೆ ಏನಾಗುತ್ತದೆಂದು 2014ರಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಕಂಡೆವು. ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಲಾಯಿತು. ಹತ್ತಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ರಾಜ್ಯದ ಫಲವಂತಿಕೆ ದರ 2019–21ರ ಸಮೀಕ್ಷೆಯಲ್ಲೇ 1.7ಕ್ಕೆ ಇಳಿದಿತ್ತು, ಇನ್ನೂ ಈ ಖರ್ಚೇಕೆ ಎನ್ನುವವರಿದ್ದಾರೆ. ಅವರು ಉಡುಪಿಯ ಅಂಬಲಪಾಡಿಯಂಥ ಊರನ್ನು ನೋಡಬೇಕು. ಈ ಕರಾವಳಿಯಲ್ಲಿ ಒಬ್ಬರ ಗಂಡ ಮಲ್ಪೆ ಬಂದರಿನಿಂದ ಆಳಸಮುದ್ರಕ್ಕೆ ಮೀನುಗಾರಿಕೆಗೆ ಹೋಗುತ್ತಾನೆ, ಇನ್ನೊಬ್ಬರ ಗಂಡ ಮುಂಬಯಿಯಲ್ಲೋ ಗಲ್ಫಿನಲ್ಲೋ ದುಡಿದು ರಜೆಗೆ ಮಾತ್ರ ಬರುತ್ತಾನೆ. ಈ ಹೆಂಗಸರಿಗೆಲ್ಲ ಒಂದೇ ವಿಧಾನ ಒಗ್ಗದು. ಕಾಪರ್ ಟಿ, ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಚುಚ್ಚುಮದ್ದು, ಛಾಯಾ ಎಂಬ ಗರ್ಭನಿರೋಧಕ ಮಾತ್ರೆ ಸರ್ಕಾರಿ ವ್ಯವಸ್ಥೆಯಲ್ಲೇ ಉಚಿತವಾಗಿವೆ. ಹತ್ತು ವರ್ಷ ಬಾಳಬಲ್ಲ ಕಾಪರ್ ಟಿಯನ್ನು ಹೆಂಗಸೊಬ್ಬಳು ರಕ್ತಸ್ರಾವಕ್ಕೆ ಹೆದರಿ ಎರಡೇ ತಿಂಗಳಲ್ಲಿ ತೆಗೆಸಿದರೆ ಹಾಕಿದ ಹಣವೂ ಹೋಯಿತು, ಅವಳ ನಂಬಿಕೆಯೂ ಹೋಯಿತು. ಅದಕ್ಕೆ ಮೊದಲೇ ಆಶಾ ಕಾರ್ಯಕರ್ತೆ ಮತ್ತೊಮ್ಮೆ ಮನೆಗೆ ಬಂದು ಕೇಳಿಸಿಕೊಂಡರೆ ಎರಡೂ ಉಳಿಯಬಹುದು. ಆ ಭೇಟಿಗೆ ತಕ್ಕ ಸಂಭಾವನೆ ಕೊಡುವುದು ದುಂದಲ್ಲ.

ಹಾಗಾಗಿ ತಪ್ಪಿಸಿದ ಹೆರಿಗೆಗಳ ಸಂಖ್ಯೆಯಿಂದ ಈ ಸೇವೆಯನ್ನು ಅಳೆಯುವುದು ಇನ್ನು ಸಾಕು. ಎಷ್ಟು ಹೆಂಗಸರು ತಮಗೆ ಬೇಕಾದ ವಿಧಾನವನ್ನು ತಿಳಿದು ಆರಿಸಿಕೊಂಡರು, ತೊಂದರೆಯಾದಾಗ ಎಷ್ಟು ಮಂದಿಗೆ ಆರೈಕೆ ಸಿಕ್ಕಿತು, ಎಷ್ಟು ಗಂಡಸರು ಹೊಣೆ ಹಂಚಿಕೊಂಡರು ಎಂಬುದನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರವೂ ಬರೆದಿಡಲಿ. ಹಣ ಸದ್ವಿನಿಯೋಗವಾಯಿತೇ ಎಂಬುದಕ್ಕೆ ಆ ಅಂಕಿಗಳೇ ಉತ್ತರ ಹೇಳಬೇಕು.