ಮರಳು ನೀರಾದಾಗ

ಶಿರೂರಿನ ಶಾಲಾ ಮಕ್ಕಳು ಪಟ್ಟದಕಲ್ಲಿಗೆ ಪ್ರವಾಸ ಹೋದರೆ ಮಲಪ್ರಭೆಯ ದಂಡೆ ನೋಡದೆ ಬರುವುದುಂಟೆ? ಹೊಳೆಯಂಚಿನ ಹಸಿ ಮರಳಿನ ಮೇಲೆ ನಿಂತು ಕುಣಿದರೆ ಕಾಲಡಿಯಲ್ಲಿ ನೀರು ಜಿನುಗಿ ಪಾದ ಹೂತುಕೊಳ್ಳುತ್ತದೆ. ಮಕ್ಕಳಿಗೆ ಇದು ಆಟ. ನೆಲವೇ ಕುಣಿದರೆ ಏನಾದೀತು?

2001ರ ಜನವರಿ 26ರಂದು ಗುಜರಾತಿನ ಕಚ್ಛ್‌ನಲ್ಲಿ ಆದದ್ದು ಅದೇ. ಭೂಕಂಪಕ್ಕೆ ರಣ್ ಪ್ರದೇಶದ ನೆಲ ಬಿರಿದು ಮರಳು, ನೀರು ಚಿಮ್ಮಿದವು. ಕಾಂಡ್ಲಾ ಬಂದರಿನ ಕಚೇರಿ ಗೋಪುರ ವಾಲಿತು. ಮಣ್ಣಿನ ಅಣೆಕಟ್ಟುಗಳು ಬಿರುಕು ಬಿಟ್ಟವು. 1964ರಲ್ಲಿ ಜಪಾನಿನ ನಿಗಾಟದಲ್ಲಂತೂ ವಸತಿ ಕಟ್ಟಡಗಳು ಒಡೆಯದೆ ಇಡಿಯಾಗಿ ಮಗ್ಗುಲಾಗಿದ್ದವು. ಇದಕ್ಕೆ ದ್ರವೀಕರಣ ಎಂದು ಹೆಸರು.

ಮರಳಿನ ಕಣಗಳು ಒಂದಕ್ಕೊಂದು ಆತುಕೊಂಡು ಭಾರ ಹೊರುತ್ತವೆ. ಸಡಿಲ ಮರಳನ್ನು ಅಲುಗಿಸಿದರೆ ಕಣಗಳು ಒತ್ತಾಗಲು ನೋಡುತ್ತವೆ. ಆದರೆ ಸಂದುಗಳಲ್ಲಿ ತುಂಬಿದ ನೀರಿಗೆ ಅಷ್ಟು ಬೇಗ ಹೊರಹೋಗಲು ದಾರಿಯಿಲ್ಲ. ಆಗ ನೀರಿನ ಒತ್ತಡ ಏರುತ್ತದೆ, ಕಣಗಳ ಹಿಡಿತ ತಪ್ಪುತ್ತದೆ. ಮೇಲಿನ ಮನೆ ವಾಲುತ್ತದೆ.

ನೆಲದೊಳಗಿನ ಈ ಆಟವನ್ನು ಕಣ್ಣಿಂದ ನೋಡಲಾಗದು. ಕಂಪ್ಯೂಟರ್ ನೆರವಿಗೆ ಬರುವುದು ಇಲ್ಲೇ. 1979ರಲ್ಲಿ ಕುಂಡಾಲ್ ಮತ್ತು ಸ್ಟ್ರಾಕ್ ಒಂದು ವಿಧಾನ ಪ್ರಕಟಿಸಿದರು. ಪ್ರತಿ ಕಣವೂ ಒಂದು ಗೋಲಿ ಎಂದುಕೊಳ್ಳಿ. ಎರಡು ಗೋಲಿ ತಾಗಿದಾಗ ಹುಟ್ಟುವ ಬಲ, ಘರ್ಷಣೆ ಲೆಕ್ಕ ಹಾಕಬೇಕು. ನ್ಯೂಟನ್ನನ ಎರಡನೆಯ ನಿಯಮದಿಂದ ಗೋಲಿ ಎಷ್ಟು ಸರಿಯಿತೆಂದು ತಿಳಿಯಬೇಕು. ಮತ್ತೆ ಮೊದಲಿನಿಂದ ಲೆಕ್ಕ. ಹೀಗೆ ಸಾವಿರಾರು ಗೋಲಿಗಳಿಗೆ, ಕ್ಷಣದ ಅತಿ ಸಣ್ಣ ತುಣುಕುಗಳಲ್ಲಿ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಟಿ.ಜಿ. ಸೀತಾರಾಮ್ ಮತ್ತು ಅವರ ವಿದ್ಯಾರ್ಥಿಗಳು ಇದೇ ವಿಧಾನದಿಂದ ದ್ರವೀಕರಣವನ್ನು ಅಭ್ಯಸಿಸಿದರು. ಒಂದು ಕಣಕ್ಕೆ ಸರಾಸರಿ ಎಷ್ಟು ನೆರೆಕಣಗಳು ತಾಗಿವೆ ಎಂಬುದು ಇಲ್ಲಿ ಮುಖ್ಯ. ಅಲುಗಾಟ ಮುಂದುವರಿದಂತೆ ಆ ಸಂಖ್ಯೆ ಇಳಿಯುತ್ತದೆ. ಅದು ತೀರಾ ಇಳಿದಾಗ ಮರಳಿನ ಬಲ ಉಡುಗುತ್ತದೆ. ಆದರೂ ಗೋಲಿ ದುಂಡಗೆ, ಮರಳು ಮೊನಚು. ಆದ್ದರಿಂದ ಲೆಕ್ಕವನ್ನು ಪ್ರಯೋಗಶಾಲೆಯ ಪರೀಕ್ಷೆಯೊಂದಿಗೆ ಹೋಲಿಸಲೇಬೇಕು.

ಇದರಿಂದ ನಮಗೇನು ಎನ್ನಬೇಡಿ. ಶಿರೂರಿನ ಮಗು ನಾಳೆ ಎಂಜಿನಿಯರಾಗಿ ಯಾವ ಬಂದರಿಗೆ, ಯಾವ ಸೇತುವೆಗೆ ಪಾಯ ಹಾಕಬೇಕೋ! ಸಡಿಲ ಮರಳನ್ನು ಮೊದಲೇ ಗಟ್ಟಿ ಮಾಡಿದರೆ, ನೀರು ಹರಿಯಲು ದಾರಿ ಬಿಟ್ಟರೆ ಅಪಾಯ ತಗ್ಗುತ್ತದೆ.

ಮನೆಯಲ್ಲೇ ಮಾಡಿ ನೋಡಿ. ಬಕೆಟ್ಟಿನಲ್ಲಿ ಸಡಿಲವಾಗಿ ಮರಳು ತುಂಬಿ, ಮೇಲ್ಮಟ್ಟದವರೆಗೆ ನೀರು ಹಾಕಿ. ಇಟ್ಟಿಗೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಬಕೆಟ್ಟಿನ ಬದಿಯನ್ನು ಬಿಡದೆ ತಟ್ಟಿ. ಇಟ್ಟಿಗೆ ವಾಲತೊಡಗಿದರೆ ಅಪ್ಪ ಅಮ್ಮನನ್ನೂ ಕರೆದು ತೋರಿಸಿ.