ನಗಿಸಿದ ಸಿನಿಮಾ ಕಡೀಕ ಅಳಿಸಿದ್ರ ತಪ್ಪೇನ್ರಿ?

ಹ್ವಾದ ಐತವಾರ ಉಂಡು, ಮುಸುರಿ ತೊಳದು ಕುಂತಿದ್ವಿ. ಮಗ ಟೀವಿಗೆ 'ಪೀಪ್ಲಿ ಲೈವ್' ಹಚ್ಚಿದ. 2010ರ ಹಿಂದಿ ಸಿನಿಮಾ, ಅನುಷಾ ರಿಜ್ವಿ ಅನ್ನೋ ಹೆಣ್ಣಮಗಳು ಮಾಡಿದ್ದು. ಬ್ಯಾಂಕಿನ ಸಾಲಕ್ಕ ಹೊಲ ಹೋಗೂದೈತಿ. ಸತ್ತ ರೈತನ ಮನಿಗೆ ಸರ್ಕಾರ ಲಕ್ಷ ರೂಪಾಯಿ ಕೊಡತೈತಿ ಅಂತ ತಿಳಿದು ಅಣ್ಣ ಬುಧಿಯಾ ತಮ್ಮ ನಾಥಾನ್ನ ಸಾಯಾಕ ಒಪ್ಪಸ್ತಾನ. ಸುದ್ದಿ ಹಬ್ಬಿ ಟೀವಿಯವರು ಬಂದು ಊರಾಗ ಜಾತ್ರಿನ ಕೂಡಿಸಿಬಿಡ್ತಾರ. ಅವ ಬಯಲಕಡಿಗೆ ಹೋದ ಜಾಗಾನೂ ಬಿಡಂಗಿಲ್ಲ. ಸರ್ಕಾರ 'ಲಾಲ್ ಬಹಾದ್ದೂರ್' ಅಂತ ಒಂದು ಬೋರಿಂಗ್ ತಂದು ಕೊಡತೈತಿ, ಅದನ್ನ ಹೂಳವರು ಯಾರೂ ಇಲ್ಲ. ನಮ್ಮ ಅತ್ತಿಯವರು ಹೊಟ್ಟಿ ಹಿಡಕೊಂಡು ನಕ್ರು.

ಕಡೀಕ ನಾಥಾ ಸಾಯಂಗಿಲ್ಲ. ಬೆಂಕಿ ಬಿದ್ದು ಒಬ್ಬ ಪಾಪದ ಪತ್ರಕರ್ತ ಸುಟ್ಟು ಸಾಯ್ತಾನ, ಅವನೇ ನಾಥಾ ಅಂತ ಎಲ್ಲಾರೂ ನಂಬತಾರ. ಆಕಸ್ಮಿಕ ಸಾವು ಅಂತ ಪರಿಹಾರನೂ ಇಲ್ಲ. ನಾಥಾ ದೂರದ ಶಹರದಾಗ ಬಿಲ್ಡಿಂಗ್ ಕೆಲಸಕ್ಕ ಮಣ್ಣು ಅಗೀತಾ ಕುಂತಿರ್ತಾನ. 1991ರಿಂದ 2001ರ ತನಕ 80 ಲಕ್ಷ ರೈತರು ಬೇಸಾಯ ಬಿಟ್ರು ಅಂತ ಅಕ್ಷರ ಬಂದು ಸಿನಿಮಾ ಮುಗೀತೈತಿ.

"ಇಷ್ಟೊತ್ತು ನಗಿಸಿ ಹಿಂಗ ಹೊಡದ್ರ ಏನ್ ಸಿನಿಮಾ ಅಕ್ಕಾ ಇದು? ಅವನ್ನ ಮನಿಗೆ ಕಳಿಸಿದ್ರ ಇವರ ಗಂಟೇನ್ ಹೋಗ್ತಿತ್ತು?" ಅಂದ್ಲು ನನ್ನ ನೆಗೆಣ್ಣಿ.

ನಾ ಒಪ್ಪಂಗಿಲ್ರಿ. ನಾಥಾ ಲಕ್ಷ ರೂಪಾಯಿ ಹಿಡಕೊಂಡು ಮನಿಗೆ ಬಂದಿದ್ರ ನಾವು ಅಷ್ಟೊತ್ತು ನಕ್ಕಿದ್ದು ಯಾರಿಗೆ? ಬಡವನ ಸಾವಿಗೆ ನಕ್ಕಂಗ ಆಗ್ತಿತ್ತು, ಆಮ್ಯಾಲೆ ಎಲ್ಲಾ ಸುದ್ದ ಆತು ಅಂತ ನಿಶ್ಚಿಂತಿಯಿಂದ ಚಾ ಕುಡೀತಿದ್ವಿ. ಆ ಮುಕ್ತಾಯ ಬಂದಾಗನ ನಮ್ಮ ನಗಿ ಗಂಟಲದಾಗ ಸಿಕ್ಕೊಂಡಿದ್ದು.

ನಮ್ಮ ಕಡೆ ಇದೇನು ಹೊಸಾದಲ್ಲ. ಸಂಗ್ಯಾ ಬಾಳ್ಯಾ ಸಣ್ಣಾಟದಾಗ ರಾತ್ರಿಯೆಲ್ಲಾ ನಕ್ಕ ಮಂದಿ ಸಂಗ್ಯಾನ ಕೊಲಿ ನೋಡಿ ಕಣ್ಣೊರಸಿಕೊಂತ ಹೋಗ್ತಿದ್ರು. ರೊಕ್ಕ ವಾಪಸ್ ಕೊಡ್ರಿ ಅಂತ ಯಾರೂ ಕೇಳಲಿಲ್ಲ. 2015ರ 'ತಿಥಿ' ಅಂತೂ ನಮ್ಮ ಕನ್ನಡದ್ದ (ಮಂಡ್ಯದ ಮಾತು ನನಗ ಅರ್ಧ ತಿಳೀಲಿಲ್ಲ, ಅದು ಬ್ಯಾರೆ). ಬದುಕಿದ್ದ ಅಪ್ಪನ್ನ ಕಾಗದದಾಗ ಸಾಯಿಸಿ ಹೊಲ ಮಾರಾಕ ಹೊಂಟ ಮಗನ ಕತಿ. ಅದಕ್ಕ ಲಗ್ನದ ಮುಕ್ತಾಯ ಕೊಟ್ಟಿದ್ರ ಹೋಳಿಗಿಗೆ ಉಪ್ಪು ಸುರುವಿದಂಗ.

ಆದ್ರ ಎಲ್ಲಾ ಕೆಟ್ಟ ಮುಕ್ತಾಯನೂ ಚಲೋ ಅನ್ನಂಗಿಲ್ಲ ಮತ್ತ. ದೊಡ್ಡ ನಿರ್ದೇಶಕ ಅನಿಸ್ಕೊಳ್ಳಾಕ ಕಡೀ ಹತ್ತು ನಿಮಿಷದಾಗ ಒಬ್ಬನ್ನ ಕೊಂದುಬಿಡೂದು ಐತೆಲ್ಲಾ, ಅದು ಮೋಸ. ನಗಿ ಎಲ್ಲಿಂದ ಹುಟ್ಟಿತ್ತೋ ಸಂಕಟಾನೂ ಅಲ್ಲಿಂದನ ಹುಟ್ಟಬೇಕು. ಬೋರಿಂಗ್ ಕೊಟ್ಟು ಹೂಳದ ಸರ್ಕಾರನ ಪರಿಹಾರನೂ ಕೊಡಲಿಲ್ಲ. ಬ್ಯಾರೆ ಎಲ್ಲಿಂದನೂ ತಂದು ಹಚ್ಚಿದ್ದಲ್ಲ.

ನನ್ನ ತವರು ನರಗುಂದದ ಬಾಜೂಕ. 1980ರ ಜುಲೈ 21ಕ್ಕ ಅಲ್ಲಿ ಮಲಪ್ರಭಾ ನೀರಿನ ಕರದ ಸಂಬಂಧ ರೈತರು ಎದ್ದು ಗೋಲಿಬಾರ್ ಆದಾಗ ನಾ ಸಣ್ಣಾಕಿ. ನೀರು ಮುಟ್ಟದ ಹೊಲಕ್ಕೂ ಕರ ಬಂದದ್ದನ್ನ ಹೇಳಿಕೊಂಡು ನಮ್ಮ ಅಪ್ಪ ನಗ್ತಿದ್ದ. ಅದು ಎಂಥಾ ನಗಿ ಅಂತ ಈಗ ತಿಳೀತೈತಿ.

ಇದನ್ನೆಲ್ಲಾ ನೆಗೆಣ್ಣಿಗೆ ಹೇಳಿದೆ. ಅಕಿ ಸೊಪ್ಪು ಸೋಸ್ಕೊಂತ, "ನಿಮಗ ಅದು ಸಿನಿಮಾ ಅಕ್ಕಾ" ಅಂದ್ಲು. ನನ್ನ ಬಾಯಿ ಕಟ್ಟಿತು. ಅಕಿ ಗಂಡ, ನನ್ನ ಮೈದುನ, ನಾಕು ವರ್ಷಾತು ಗೋವಾದಾಗ ಬಿಲ್ಡಿಂಗ್ ಕೆಲಸಕ್ಕ ಅದಾನ. ಗಜೇಂದ್ರಗಡದ ಬಸ್ ಸ್ಟ್ಯಾಂಡಿಗೆ ಅವನ್ನ ಬಿಟ್ಟು ಬಂದಾಕಿ ಅಕಿ, ನಾನಲ್ಲ. ಆದ್ರೂ ನನ್ನ ಮಾತು ನಾ ಬಿಡಂಗಿಲ್ಲ. ಅಕಿಗೆ ಅಷ್ಟು ತಾಗಿತಂದ್ರ ಅದು ಸುಳ್ಳಲ್ಲ ಅಂತನ ಅರ್ಥ.

ರಾತ್ರಿ ಮೈದುನನ ಫೋನ್ ಬಂತು. ಅಕಿ ಅವಂಗ ಕತಿ ಹೇಳಾಕತ್ತಿದ್ಲು. ಬೋರಿಂಗ್ ಬಂದದ್ದು, ಟೀವಿಯವರು ಬಯಲಕಡಿಗೆ ಬೆನ್ನ ಹತ್ತಿದ್ದು. ಅತ್ಲಾಗ ಅವ ಜೋರ್ ನಗೂದು ನನಗೂ ಕೇಳ್ತು.

ಕಡೀದು ಮಾತ್ರ ಅಕಿ ಹೇಳಲಿಲ್ಲ.